ಗಲಾಪಗೋಸ್ ದ್ವೀಪಯಾನ: ಲಕ್ಷ್ಯ ಮೊದಲು, ಲೆಕ್ಕ ಆಮೇಲೆ

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇರುವ ಮಾತು. ಕೋಶವೆಂದರೆ ಗ್ರಂಥ ಎಂದು ನಾವು ಅರ್ಥ ಹೇಳುತ್ತೇವೆ. ಆದರೆ ಅದೇ ಶಬ್ದಕ್ಕೆ ಬೊಕ್ಕಸ ಎಂಬ ಅರ್ಥವೂ ಉಂಟು. ದೇಶ ಸುತ್ತಲು ಹೊರಡುವವನು ಈ ಎರಡು ಕೋಶಗಳನ್ನೂ ಓದಿಕೊಂಡೇ ಹೊರಡಬೇಕಾಗುತ್ತದೆ. ನಮ್ಮ ಹಿರಿಯರು ಕಾಶೀಯಾತ್ರೆಗೆಂದು ವರ್ಷಗಟ್ಟಲೆ ಹಣ ಕೂಡಿಡುತ್ತಿದ್ದರು. ಆ ಗಂಟಿಗೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಎಲ್ಲಿಗೆ ಹೋಗುವುದು, ಏತಕ್ಕೆ ಹೋಗುವುದು ಎಂಬ ವಿಷಯದಲ್ಲಿ ಅವರಿಗೆ ಸಂಶಯವಿರಲಿಲ್ಲವಾದ್ದರಿಂದ ಲೆಕ್ಕವೂ ಸರಿಯಾಗಿಯೇ ಕೂಡುತ್ತಿತ್ತು. ಈಗ ಕಾಲ ಬದಲಾಗಿದೆ. ಮಕ್ಕಳು ಪರದೇಶಗಳಲ್ಲಿದ್ದಾರೆ, ನಿವೃತ್ತರಾದ ತಂದೆತಾಯಿಗಳಿಗೂ ವಿಮಾನದ ಮೆಟ್ಟಿಲು ಹೊಸತಲ್ಲ. ಕಾಡುಪ್ರಾಣಿಗಳನ್ನು ನೋಡಲು ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಪ್ರವಾಸವೂ ಮಧ್ಯಮವರ್ಗದ ಮನೆಯ ಮಾತುಕತೆಯಲ್ಲಿ ಸೇರಿಕೊಂಡಿದೆ. ಅಂಥ ಪ್ರವಾಸಗಳಲ್ಲಿ ಬಹು ಪ್ರಸಿದ್ಧವಾದ ಗಲಾಪಗೋಸ್ ದ್ವೀಪಯಾನವನ್ನು ಹೇಗೆ ಯೋಜಿಸಬೇಕು, ಅದರ ಆಯವ್ಯಯವನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡುತ್ತೇನೆ.

ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಈಕ್ವಡಾರ್ ಎಂಬ ದೇಶವಿದೆ. ಅಲ್ಲಿಂದ ಶಾಂತಸಾಗರದಲ್ಲಿ ಸುಮಾರು ಸಾವಿರ ಕಿಲೋಮೀಟರು ಪಶ್ಚಿಮಕ್ಕೆ, ಭೂಮಧ್ಯರೇಖೆಯ ಆಚೀಚೆ ಹರಡಿಕೊಂಡಿರುವ ಅಗ್ನಿಪರ್ವತಗಳ ದ್ವೀಪಸ್ತೋಮವೇ ಗಲಾಪಗೋಸ್. ಹಳೆಯ ಸ್ಪ್ಯಾನಿಷ್ ಭಾಷೆಯಲ್ಲಿ ಗಲಾಪಗೋ ಎಂದರೆ ಆಮೆ. ಈ ದ್ವೀಪಗಳು ೧೮೩೨ರಲ್ಲಿ ಈಕ್ವಡಾರಿಗೆ ಸೇರಿದವು. ೧೮೩೫ರಲ್ಲಿ ಚಾರ್ಲ್ಸ್ ಡಾರ್ವಿನ್ನನು 'ಬೀಗಲ್' ಹಡಗಿನಲ್ಲಿ ಇಲ್ಲಿಗೆ ಬಂದು ಐದು ವಾರಗಳಷ್ಟು ಕಾಲ ಇದ್ದನು. ಇಲ್ಲಿ ಅವನು ಕಂಡ ಹಕ್ಕಿಗಳೂ ಆಮೆಗಳೂ ಅವನ ವಿಕಾಸವಾದಕ್ಕೆ ಒದಗಿದ ಸಾಮಗ್ರಿಗಳಲ್ಲಿ ಸೇರಿವೆ. ಆ ವಾದದ ಗ್ರಂಥ ಪ್ರಕಟವಾದದ್ದು ೧೮೫೯ರಲ್ಲಿ. ಸರಿಯಾಗಿ ನೂರು ವರ್ಷಗಳಾದ ಮೇಲೆ, ೧೯೫೯ರಲ್ಲಿ, ದ್ವೀಪಗಳು ರಾಷ್ಟ್ರೀಯ ಉದ್ಯಾನವೆನಿಸಿದವು. ೧೯೭೮ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನೆಲದ ನೂರಕ್ಕೆ ೯೭ ಪಾಲು ಇಂದು ಉದ್ಯಾನಕ್ಕೆ ಸೇರಿದೆ. ಉಳಿದ ಅಲ್ಪ ಭಾಗದಲ್ಲಿ ಮೂವತ್ತು ಸಾವಿರದಷ್ಟು ಜನ ವಾಸವಾಗಿದ್ದಾರೆ.

ಇಷ್ಟು ದೂರ ಹೋಗಿ ನೋಡುವಂಥದು ಅಲ್ಲಿ ಏನಿದೆ? ಅಲ್ಲಿಯ ಪ್ರಾಣಿಗಳಿಗೆ ಮನುಷ್ಯನ ಭಯವಿಲ್ಲ. ಅವುಗಳನ್ನು ಬೇಟೆಯಾಡುವ ದೊಡ್ಡ ಮೃಗಗಳು ಆ ದ್ವೀಪಗಳಲ್ಲಿ ಹುಟ್ಟಲೇ ಇಲ್ಲ. ಆದಕಾರಣ ಓಡಿಹೋಗುವ ವಿದ್ಯೆಯನ್ನು ಅವು ಕಲಿಯಲೂ ಇಲ್ಲ. ಕಾಲುದಾರಿಯ ನಡುವೆ ನೀಲಿ ಪಾದದ ಬೂಬಿ ಹಕ್ಕಿ ಮೊಟ್ಟೆಗೆ ಕಾವು ಕೊಡುತ್ತಿರುತ್ತದೆ; ನಾವು ಸುತ್ತಿ ಹೋಗಬೇಕು. ಬೆಂಚಿನ ಮೇಲೆ ಕಡಲಸಿಂಹ ಮಲಗಿರುತ್ತದೆ, ನಾವು ನಿಂತಿರಬೇಕು. ಕಡಲಿಗಿಳಿದು ಪಾಚಿ ಮೇಯುವ ಇಗ್ವಾನ ಎಂಬ ಉಡದಂಥ ಪ್ರಾಣಿ ಲೋಕದಲ್ಲಿ ಬೇರೆಲ್ಲಿಯೂ ಇಲ್ಲ.

ಈ ನಿರ್ಭಯವೇ ಒಂದು ಕಾಲಕ್ಕೆ ಅವುಗಳಿಗೆ ಮುಳುವಾಯಿತು. ಕಡಲ್ಗಳ್ಳರೂ ತಿಮಿಂಗಿಲ ಬೇಟೆಗಾರರೂ ಆಮೆಗಳನ್ನು ಸಾವಿರಗಟ್ಟಲೆ ಹೊತ್ತೊಯ್ದರು. ಅನ್ನನೀರಿಲ್ಲದೆ ತಿಂಗಳುಗಟ್ಟಲೆ ಹಡಗಿನ ತಳದಲ್ಲಿ ಬದುಕಿರುತ್ತಿದ್ದ ಆಮೆ ಅವರಿಗೆ ಕೆಡದ ಮಾಂಸದ ಉಗ್ರಾಣವಾಗಿತ್ತು. ಮೇಕೆ, ಹಂದಿ, ಇಲಿಗಳನ್ನು ತಂದುಬಿಟ್ಟವನೂ ಮನುಷ್ಯನೇ. ಪಿಂಟಾ ದ್ವೀಪದ ಆಮೆಯ ಜಾತಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಗಂಡು. ೧೯೭೧ರಲ್ಲಿ ಕಣ್ಣಿಗೆ ಬಿದ್ದ ಈ 'ಒಂಟಿ ಜಾರ್ಜ್' ಜೊತೆಯಿಲ್ಲದೆಯೇ ೨೦೧೨ರ ಜೂನ್ ೨೪ರಂದು ಸತ್ತಿತು. ಎಸ್ಪಾನ್ಯೋಲಾ ದ್ವೀಪದ ಕಥೆ ಬೇರೆ. ಅಲ್ಲಿಯ ಜಾತಿಯಲ್ಲಿ ಸಂತಾನಕ್ಕೆಂದು ದೊರೆತವು ಹದಿನೈದೇ ಆಮೆಗಳು. ಅವುಗಳನ್ನು ಕಾಪಾಡಿ, ಮರಿ ಮಾಡಿಸಿ, ಎರಡು ಸಾವಿರದ ಸುಮಾರಿಗೆ ತಂದರು. ಕೆಲಸ ಮುಗಿಯಿತೆಂದು ೨೦೨೦ರಲ್ಲಿ ಆ ಹದಿನೈದೂ ಹಿರಿಯರನ್ನು ಅವುಗಳ ದ್ವೀಪಕ್ಕೇ ಮರಳಿ ಬಿಟ್ಟರು. ಕಾವಲಿದ್ದರೆ ಏನಾದೀತು, ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ ಈ ಎರಡು ಕಥೆಗಳೇ ಸಾಕ್ಷಿ.

ಆಯವ್ಯಯದ ಮಾತಿನಲ್ಲಿ ಆಮೆಯ ಕಥೆ ಏಕೆ ಬಂತೆಂದು ತಾವು ಕೇಳಬಹುದು. ಗಲಾಪಗೋಸ್ ಪ್ರವಾಸ ದುಬಾರಿಯಾಗಿರುವುದಕ್ಕೆ ದೂರ ಒಂದು ಕಾರಣ. ಕಾವಲು ಮತ್ತೊಂದು ಕಾರಣ. ಅಲ್ಲಿ ನೂರು ಜನರಿಗಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಅವಕಾಶವಿಲ್ಲ. ಬಹಳಷ್ಟು ಹಡಗುಗಳು ಹದಿನಾರು ಮಂದಿಯವು. ಯಾವ ಹಡಗು ಯಾವ ದಿನ ಯಾವ ದ್ವೀಪದಲ್ಲಿ ಇಳಿಯಬೇಕೆಂಬುದನ್ನು ಉದ್ಯಾನದವರೇ ಗೊತ್ತುಮಾಡುತ್ತಾರೆ. ಪರವಾನಿಗೆ ಪಡೆದ ಮಾರ್ಗದರ್ಶಿ ಇಲ್ಲದೆ ಹೆಚ್ಚಿನ ಕಡೆ ಕಾಲಿಡುವಂತಿಲ್ಲ. ಪ್ರಾಣಿಗೂ ನಮಗೂ ಎರಡು ಮೀಟರಿನ ಅಂತರವಿರಬೇಕು. ಪ್ರವೇಶ ಶುಲ್ಕ ೨೦೨೪ರ ಆಗಸ್ಟಿನಿಂದ ನಮ್ಮಂಥ ಪರದೇಶದ ವಯಸ್ಕರಿಗೆ ೨೦೦ ಡಾಲರು, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ೧೦೦ ಡಾಲರು ಆಯಿತು. ೧೯೯೮ರಿಂದೀಚೆಗೆ ಅದೇ ಮೊದಲ ಏರಿಕೆ. ಸಣ್ಣ ಹಡಗು, ಮಾರ್ಗದರ್ಶಿಯ ಸಂಬಳ, ಪ್ರವೇಶ ಶುಲ್ಕ ಇವೆಲ್ಲ ಸೇರಿಯೇ ಆ ನಿರ್ಭಯದ ಬೆಲೆ. ಖರ್ಚು ಇಳಿಸುವವರು ಇವುಗಳ ಮೇಲೆ ಕತ್ತರಿ ಆಡಿಸಬಾರದು. ಕತ್ತರಿಗೆ ಬೇರೆ ಜಾಗಗಳಿವೆ. ಅವನ್ನು ಮುಂದೆ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ಏನು ನೋಡಬೇಕು? 'ಎಲ್ಲವನ್ನೂ' ಎನ್ನುವವನಿಗೆ ಹಣವೂ ಸಾಲದು, ಕಾಲವೂ ಸಾಲದು. ಮನೆಯವರೆಲ್ಲ ಕುಳಿತು ಎರಡು ಮೂರು ಪ್ರಾಣಿಗಳ ಹೆಸರು ಬರೆದುಕೊಳ್ಳಬೇಕು. ಆಲ್ಬಟ್ರಾಸ್ ಎಂಬ ಕಡಲಹಕ್ಕಿಯನ್ನು ನೋಡಬೇಕೆ? ರೆಕ್ಕೆ ಬಿಚ್ಚಿದರೆ ಏಳು ಅಡಿಗೂ ಮಿಗಿಲಾದ ಅದರ ಒಂದು ಜಾತಿ ಹೆಚ್ಚುಕಡಿಮೆ ಎಲ್ಲವೂ ಎಸ್ಪಾನ್ಯೋಲಾ ದ್ವೀಪವೊಂದರಲ್ಲಿಯೇ ಗೂಡು ಕಟ್ಟುತ್ತದೆ. ಏಪ್ರಿಲಿನಿಂದ ಡಿಸೆಂಬರಿನವರೆಗೆ ಅಲ್ಲಿರುತ್ತದೆ. ಫೆಬ್ರವರಿಯಲ್ಲಿ ಹೋದವನಿಗೆ ಬರಿಯ ಬಂಡೆ ಕಾಣುತ್ತದೆ. ಪೆಂಗ್ವಿನ್ ಬೇಕೆ? ಹಾರಲಾರದ ಕಾರ್ಮೊರಂಟ್ ಎಂಬ ನೀರಕ್ಕಿ ಬೇಕೆ? ಅವಕ್ಕೆ ಪಶ್ಚಿಮದ ಇಸಬೆಲಾ, ಫರ್ನಾಂಡಿನಾ ದ್ವೀಪಗಳ ಕಡೆಗೆ ಹೋಗುವ ಹಡಗು ಬೇಕು. ಕೆಂಪು ಪಾದದ ಬೂಬಿಗಳ ದೊಡ್ಡ ಬೀಡು ಉತ್ತರದ ಹೆನೊವೆಸಾ ದ್ವೀಪದಲ್ಲಿದೆ. ದೈತ್ಯ ಆಮೆ ಮಾತ್ರ ಸಾಂತಾ ಕ್ರೂಸ್ ದ್ವೀಪದ ಮಲೆಯಲ್ಲಿ ವರ್ಷವಿಡೀ ಕಾಣಸಿಗುತ್ತದೆ.

ಎರಡನೆಯ ಪ್ರಶ್ನೆ ಋತುವಿನದು. ಜನವರಿಯಿಂದ ಮೇವರೆಗೆ ಸೆಕೆ, ಆಗಾಗ ಮಳೆ. ಕಡಲು ಬೆಚ್ಚಗೆ, ಶಾಂತವಾಗಿರುತ್ತದೆ. ಜೂನಿನಿಂದ ಡಿಸೆಂಬರಿನವರೆಗೆ ಹಂಬೋಲ್ಟ್ ಎಂಬ ಶೀತಪ್ರವಾಹ ಬೀಸಿ ಬಂದು ನೀರು ತಣ್ಣಗಾಗುತ್ತದೆ, ಮೀನು ಹೆಚ್ಚುತ್ತದೆ, ಕಡಲಹಕ್ಕಿಗಳಿಗೆ ಸುಗ್ಗಿ; ಆದರೆ ಅಲೆಯೂ ಹೆಚ್ಚು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಹೊಟ್ಟೆ ತೊಳಸುವವರು ಯೋಚಿಸಿ ಹೊರಡಬೇಕು. ಕ್ರಿಸ್ಮಸ್ಸಿನ ಹೊತ್ತಿಗೂ ಜೂನ್, ಜುಲೈ, ಆಗಸ್ಟ್ ತಿಂಗಳುಗಳಿಗೂ ನೂಕುನುಗ್ಗಲು. ಆರು ತಿಂಗಳಿಂದ ಒಂದು ವರ್ಷದಷ್ಟು ಮುಂಚೆಯೇ ಸ್ಥಳ ಕಾದಿರಿಸಬೇಕು. ಏಪ್ರಿಲ್ ಕೊನೆ, ಮೇ ತಿಂಗಳು, ನವೆಂಬರ್, ಇವು ನಡುಗಾಲ. ದರ ತುಸು ಇಳಿದಿರುತ್ತದೆ, ಆಲ್ಬಟ್ರಾಸೂ ಇರುತ್ತದೆ. ಕತ್ತರಿ ಆಡಿಸಲು ಇದು ಮೊದಲನೆಯ ಜಾಗ.

ಮೂರನೆಯದು ಹಡಗಿನ ಆಯ್ಕೆ. ಏಳು ರಾತ್ರಿಯ ಯಾನಕ್ಕೆ ಸಾಧಾರಣ ಹಡಗಿನಲ್ಲಿ ತಲೆಗೆ ಎರಡರಿಂದ ಮೂರು ಸಾವಿರ ಡಾಲರು, ನಡುತರದ್ದರಲ್ಲಿ ನಾಲ್ಕೈದು ಸಾವಿರ, ಭೋಗದ ಹಡಗಿನಲ್ಲಿ ಏಳು ಸಾವಿರಕ್ಕೂ ಮೇಲೆ ಎಂದು ಸ್ಥೂಲವಾಗಿ ಹಿಡಿಯಬಹುದು. ಎಲ್ಲ ಹಡಗಿನವರೂ ಇಳಿಯುವುದು ಅದೇ ಬಂಡೆಗಳ ಮೇಲೆ. ನೋಡುವುದು ಅದೇ ಹಕ್ಕಿಗಳನ್ನು. ಹೆಚ್ಚಿನ ಹಣ ಕೊಂಡುತರುವುದು ಅಗಲವಾದ ಕೋಣೆಯನ್ನು, ಮೆತ್ತನೆಯ ಹಾಸಿಗೆಯನ್ನು. ಭೋಗದ ಕೋಣೆಯೇ ಕತ್ತರಿಯ ಎರಡನೆಯ ಜಾಗ. ಆದರೆ ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿರುವ ಕೋಣೆಯನ್ನು ಕೇಳಿ ಪಡೆಯಿರಿ. ಅಲ್ಲಿ ತೂಗಾಟ ಕಡಿಮೆ, ಅನೇಕ ವೇಳೆ ದರವೂ ಕಡಿಮೆ. ಇನ್ನೊಂದು ಸೂಕ್ಷ್ಮವಿದೆ. 'ಎಂಟು ದಿನದ ಯಾನ' ಎಂದು ಅಚ್ಚು ಮಾಡಿರುವುದರಲ್ಲಿ ಬರುವ ದಿನವೂ ಹೋಗುವ ದಿನವೂ ಸೇರಿರುತ್ತವೆ. ಆದ್ದರಿಂದ ದರವನ್ನು ದಿನದಿಂದ ಭಾಗಿಸದೆ, ಎಷ್ಟು ಸಲ ದಡಕ್ಕೆ ಇಳಿಸುತ್ತಾರೆ ಎಂಬ ಸಂಖ್ಯೆಯಿಂದ ಭಾಗಿಸಿ ನೋಡಿ. ಯಾವ ಹಡಗು ನಿಜವಾಗಿಯೂ ಅಗ್ಗವೆಂಬುದು ಆಗ ತಿಳಿಯುತ್ತದೆ.

ಈಗ ಒಂದು ಮನೆಯ ಲೆಕ್ಕವನ್ನೇ ಮಾಡೋಣ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆತಾಯಿ ನಮ್ಮ ಬೀದಿಯಲ್ಲಿಯೇ ಇದ್ದಾರೆ. ತಂದೆಗೆ ಅರುವತ್ತನಾಲ್ಕು, ತಾಯಿಗೆ ಅರುವತ್ತು. ಕೂರ್ಮಾವತಾರದ ಕಥೆಯನ್ನು ಮೊಮ್ಮಕ್ಕಳಿಗೆ ನೂರು ಸಲ ಹೇಳಿರುವ ಆ ತಾಯಿಗೆ, ಮನುಷ್ಯನನ್ನೇ ಹೊರಬಲ್ಲಷ್ಟು ದೊಡ್ಡ ಆಮೆಯನ್ನು ಒಮ್ಮೆ ಕಣ್ಣಾರೆ ನೋಡುವ ಹಂಬಲ. ತಂದೆಗೆ ಆಲ್ಬಟ್ರಾಸಿನ ಗೀಳು. ಪ್ರವಾಸಕ್ಕೆಂದೇ ತೆಗೆದಿಟ್ಟಿರುವುದು ಹತ್ತು ಲಕ್ಷ ರೂಪಾಯಿ. ಹೆಚ್ಚಾದದ್ದನ್ನು ತಾನು ಕೊಡುತ್ತೇನೆಂದು ಮಗ ಬರೆದಿದ್ದಾನೆ. ಮನೆಯ ಸಾಲ ಇನ್ನೂ ತೀರದ ಮಗನಿಂದ ತೆಗೆದುಕೊಳ್ಳುವುದಿಲ್ಲವೆಂದು ತಂದೆಯ ಹಟ. "ಮೇಷ್ಟ್ರೇ, ನೀವೇ ಒಂದು ಲೆಕ್ಕ ಹಾಕಿಕೊಡಿ" ಎಂದು ಬಂದರು.

ಡಾಲರಿಗೆ ತೊಂಬತ್ತು ರೂಪಾಯಿಯಂತೆ ಅಂದಾಜು ಹಿಡಿದೆವು. ತಲೆಗೆ, ಬೆಂಗಳೂರಿನಿಂದ ಈಕ್ವಡಾರಿಗೆ ಹೋಗಿಬರುವ ವಿಮಾನ ೧,೮೦,೦೦೦ ರೂಪಾಯಿ. ಅಲ್ಲಿಂದ ದ್ವೀಪಕ್ಕೆ ಹೋಗಿಬರಲು ೪೫೦ ಡಾಲರು, ಅಂದರೆ ೪೦,೫೦೦. ನಡುತರದ ಹಡಗು ೪,೦೦೦ ಡಾಲರು, ಅಂದರೆ ೩,೬೦,೦೦೦. ಉದ್ಯಾನದ ಶುಲ್ಕ ೨೦೦ ಡಾಲರಿನೊಡನೆ ಪ್ರವೇಶಪತ್ರಕ್ಕೆ ೨೦ ಡಾಲರು ಸೇರಿ ೧೯,೮೦೦. ಮುಖ್ಯಭೂಮಿಯಲ್ಲಿ ಮೂರು ರಾತ್ರಿಯ ಊಟ ವಸತಿ ೧೩,೫೦೦. ಹಡಗಿನವರಿಗೂ ಮಾರ್ಗದರ್ಶಿಗೂ ವಾಡಿಕೆಯಂತೆ ಕೊಡುವ ಭಕ್ಷೀಸು ೧೮,೦೦೦. ಕೈಖರ್ಚು ೯,೦೦೦. ವೀಸಾ, ಲಸಿಕೆ, ವಿಮೆ ೨೫,೦೦೦. ಒಟ್ಟು ೬,೬೫,೮೦೦. ಇದರ ಮೇಲೆ ನೂರಕ್ಕೆ ಹತ್ತರಂತೆ ಆಪದ್ಧನವನ್ನು ಸೇರಿಸಲೇಬೇಕು. ಏಕೆಂದರೆ ಮುಂಗಡ ಕೊಟ್ಟ ದಿನಕ್ಕೂ ಬಾಕಿ ತೀರಿಸುವ ದಿನಕ್ಕೂ ನಡುವೆ ಡಾಲರಿನ ದರ ಏರಬಹುದು. ಸೇರಿಸಿದರೆ ತಲೆಗೆ ೭,೩೨,೩೮೦. ಇಬ್ಬರಿಗೆ ಹದಿನಾಲ್ಕೂವರೆ ಲಕ್ಷಕ್ಕೂ ಮೇಲೆ. ಕೇಳಿದ ತಾಯಿ ಕನ್ನಡಕ ತೆಗೆದಿಟ್ಟು, "ಹಾಗಾದರೆ ಬೇಡ ಬಿಡಿ" ಎಂದರು.

ಬೇಡವೆನ್ನುವ ಮೊದಲು ಲಕ್ಷ್ಯವೇನಿತ್ತೆಂದು ಮತ್ತೊಮ್ಮೆ ನೋಡಬೇಕು. ಇವರಿಗೆ ಬೇಕಾದದ್ದು ಆಮೆ ಮತ್ತು ಆಲ್ಬಟ್ರಾಸ್. ಆಮೆಯನ್ನು ಸಾಂತಾ ಕ್ರೂಸ್ ದ್ವೀಪದ ಪುಯೆರ್ತೊ ಅಯೋರಾ ಎಂಬ ಊರಿನಲ್ಲಿ ಉಳಿದುಕೊಂಡು, ಬಾಡಿಗೆ ಗಾಡಿಯಲ್ಲಿ ಹೋಗಿ ನೋಡಿಬರಬಹುದು. ಆಲ್ಬಟ್ರಾಸಿನ ಎಸ್ಪಾನ್ಯೋಲಾಕ್ಕೆ ಸಾನ್ ಕ್ರಿಸ್ತೋಬಾಲ್ ಊರಿನಿಂದ ಬೆಳಗ್ಗೆ ಹೋಗಿ ಸಂಜೆಗೆ ಮರಳುವ ದೋಣಿಗಳುಂಟು. ಅವುಗಳಲ್ಲಿಯೂ ಮಾರ್ಗದರ್ಶಿ ಇರುತ್ತಾನೆ. ಆರು ರಾತ್ರಿ ವಸತಿಯಲ್ಲಿ ಒಬ್ಬರ ಪಾಲು ೩೦೦ ಡಾಲರು, ಊಟ ೧೮೦, ಮೂರು ದಿನದ ದೋಣಿಯಾನಗಳಿಗೆ ೬೧೦, ದ್ವೀಪದಿಂದ ದ್ವೀಪಕ್ಕೆ ಹೋಗಿಬರುವ ದೋಣಿಗೆ ೭೦. ಒಟ್ಟು ೧,೧೬೦ ಡಾಲರು, ೧,೦೪,೪೦೦ ರೂಪಾಯಿ. ಹಡಗಿನ ೩,೬೦,೦೦೦ದ ಜಾಗಕ್ಕೆ ಇದನ್ನಿಟ್ಟು, ಭಕ್ಷೀಸನ್ನು ಐದು ಸಾವಿರಕ್ಕೆ ಇಳಿಸಿ, ಆಪದ್ಧನವನ್ನೂ ಸೇರಿಸಿದರೆ ತಲೆಗೆ ೪,೩೬,೯೨೦, ಇಬ್ಬರಿಗೆ ೮,೭೩,೮೪೦. ಹತ್ತು ಲಕ್ಷದೊಳಗೇ ಆಯಿತು. ತಂದೆಯ ಹಟವೂ ಉಳಿಯಿತು, ಮಗನ ಹಣವೂ ಉಳಿಯಿತು. ಹಾಗೆಂದು ಹಡಗೇ ವ್ಯರ್ಥವೆಂದು ನಾನು ಹೇಳಲಾರೆ. ಫರ್ನಾಂಡಿನಾ, ಹೆನೊವೆಸಾಗಳಂಥ ದೂರದ ದ್ವೀಪಗಳನ್ನು ಬಯಸುವವರಿಗೆ ಹಡಗು ಬೇಕು. ಅದು ರಾತ್ರಿಯಲ್ಲಿ ಸಾಗಿ, ಬೆಳಗಾಗುವಾಗ ಹೊಸ ದಡದಲ್ಲಿ ಲಂಗರು ಹಾಕುತ್ತದೆ. ಅಂಥವರು ಇನ್ನೆರಡು ವರ್ಷ ಕೂಡಿಟ್ಟು ಹೋದರೆ ನಷ್ಟವಿಲ್ಲ. ಸಾಲ ಮಾಡಿ ಹೋಗುವುದು ಮಾತ್ರ ಸಲ್ಲದು.

ಲೆಕ್ಕದ ಪುಸ್ತಕದಲ್ಲಿ ಕಾಣದ ಕೆಲವು ವಿಷಯಗಳುಂಟು. ಈಕ್ವಡಾರಿನಿಂದ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿರಬೇಕೆಂದು ನಮ್ಮ ದೇಶದ ನಿಯಮವಿದೆ. ಇಲ್ಲದಿದ್ದರೆ ವಿಮಾನನಿಲ್ದಾಣದಿಂದ ನೇರವಾಗಿ ಪ್ರತ್ಯೇಕವಾಸಕ್ಕೆ ಕಳುಹಿಸಬಹುದು. ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ, ಪ್ರಯಾಣಕ್ಕೆ ಹತ್ತು ದಿನವಾದರೂ ಮುಂಚೆ ಇದನ್ನು ಹಾಕಿಸಿಕೊಳ್ಳಬೇಕು. ಆದರೆ ಅರುವತ್ತು ದಾಟಿದವರಿಗೆ ಈ ಲಸಿಕೆಯಿಂದ ತೀವ್ರವಾದ ತೊಂದರೆಯಾಗುವ ಸಂಭವ ಎಳೆಯರಿಗಿಂತ ಹೆಚ್ಚು. ಆದುದರಿಂದ ಮುಂಗಡ ಹಣ ಕಟ್ಟುವುದಕ್ಕೆ ಮೊದಲೇ ವೈದ್ಯರನ್ನು ಕಾಣಿರಿ. ಟಿಕೆಟು ಕೊಂಡ ಮೇಲೆ ವೈದ್ಯರು ಬೇಡವೆಂದರೆ ಹಣವೂ ಹೋಯಿತು, ಮನಸ್ಸೂ ಕೆಟ್ಟಿತು. ರಾಜಧಾನಿ ಕೀಟೊ ಸಮುದ್ರಮಟ್ಟದಿಂದ ೨,೮೫೦ ಮೀಟರು ಎತ್ತರದಲ್ಲಿದೆ. ಉಸಿರಿನ ತೊಂದರೆಯುಳ್ಳವರು ಕಡಲ ಮಟ್ಟದ ಗ್ವಾಯಕೀಲ್ ನಗರದಿಂದ ದ್ವೀಪಕ್ಕೆ ಹಾರಬಹುದು. ವಿಮೆಯಲ್ಲಿ, ರೋಗಿಯನ್ನು ದ್ವೀಪದಿಂದ ವಿಮಾನದಲ್ಲಿ ಸಾಗಿಸುವ ಖರ್ಚೂ ಸೇರಿರಬೇಕು. ವೀಸಾದ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ವರ್ಷದ ನಿಯಮವನ್ನು ವಿಚಾರಿಸಿಕೊಳ್ಳಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಆ ದೇಶದ ವೀಸಾವೂ ಬೇಕು. ಪ್ರವಾಸದ ಸಂಸ್ಥೆಯವರು ಮೂಲದಲ್ಲಿಯೇ ವಸೂಲು ಮಾಡುವ ತೆರಿಗೆಯನ್ನು ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವಾಗ ಹೊಂದಿಸಿಕೊಳ್ಳಬಹುದು; ಆದರೂ ಆರಂಭದಲ್ಲಿ ಕೈಯಿಂದ ಕೊಡಲು ಹಣ ಸಿದ್ಧವಿರಬೇಕು.

ಇಳಿತದ ಮಾತೂ ಒಂದಿದೆ. ಹಡಗಿನಿಂದ ದಡಕ್ಕೆ ಕರೆದೊಯ್ಯುವುದು 'ಪಂಗಾ' ಎಂಬ ಸಣ್ಣ ದೋಣಿ. ಕೆಲವು ಕಡೆ ಬಂಡೆಯ ಮೇಲೆ ಕಾಲಿಡಬೇಕು. ಕೆಲವು ಕಡೆ ಮೊಳಕಾಲುದ್ದ ನೀರಿಗೆ ಇಳಿದು ನಡೆಯಬೇಕು. ತೂಗುವ ದೋಣಿಯಿಂದ ಹತ್ತಿ ಇಳಿಯುವ ಶಕ್ತಿ ಮೊಣಕಾಲಿಗಿದೆಯೆ ಎಂಬುದನ್ನು ಹತ್ತಿರದ ಯಾವುದಾದರೂ ದೋಣಿಗಟ್ಟದಲ್ಲಿ ಪರೀಕ್ಷಿಸಿಕೊಂಡು ಹೊರಡುವುದು ಜಾಣತನ.

ಕೊನೆಯದಾಗಿ, ಗಂಟು ಕಟ್ಟುವ ವಿಚಾರ. ಹಣ್ಣು, ಬೀಜ, ಹೂವು, ಗಿಡ, ಮಣ್ಣು, ಇವೆಲ್ಲ ದ್ವೀಪಕ್ಕೆ ನಿಷಿದ್ಧ. ವಿಮಾನ ಹತ್ತುವ ಮೊದಲೇ ಪೆಟ್ಟಿಗೆ ತಪಾಸಣೆ ನಡೆಯುತ್ತದೆ. ದಾರಿಗೆಂದು ಎರಡು ಸೀಬೆಹಣ್ಣು ಇಟ್ಟುಕೊಂಡರೆ ಏನಾಯಿತು ಎನ್ನಬೇಡಿ. ನಮ್ಮ ಹಿತ್ತಿಲಿನ ಈ ಸಾಧು ಗಿಡವೇ ಅಲ್ಲಿಗೆ ಹೋಗಿ, ಹಬ್ಬಿ, ಸ್ಥಳದ ಗಿಡಗಳನ್ನು ಅಡಗಿಸಿಬಿಟ್ಟಿದೆ. ಶಾಕಾಹಾರಿಗಳು ಸ್ಥಳ ಕಾದಿರಿಸುವಾಗಲೇ ತಿಳಿಸಿದರೆ ಅಡುಗೆಗೆ ತೊಂದರೆಯಿರದು. ಮರಳುವಾಗ ಒಂದು ಚಿಪ್ಪನ್ನಾಗಲಿ, ಒಂದು ಕಲ್ಲನ್ನಾಗಲಿ ತರುವಂತಿಲ್ಲ. ಆ ಚಿಪ್ಪು ನಾಳೆ ಒಂದು ಏಡಿಯ ಮನೆಯಾಗಬೇಕಾದದ್ದು.

ಶ್ರೋತೃ ಬಾಂಧವರೆ, ಬಜೆಟ್ಟು ಎಂದರೆ ಆಸೆಗೆ ಕಟ್ಟುವ ಕಟ್ಟೆ ಎಂದು ನಮ್ಮಲ್ಲಿ ಅನೇಕರ ಭಾವನೆ. ಕಟ್ಟೆಯಿಲ್ಲದ ಕೆರೆಯಲ್ಲಿ ನೀರು ನಿಲ್ಲುವುದಿಲ್ಲ. ಏನು ನೋಡಬೇಕೆಂಬುದನ್ನು ಮೊದಲು ಮನೆಯಲ್ಲಿ ತೀರ್ಮಾನಿಸಿ. ಅದಕ್ಕೆ ತಕ್ಕ ತಿಂಗಳನ್ನು, ತಿಂಗಳಿಗೆ ತಕ್ಕ ದಾರಿಯನ್ನು, ದಾರಿಗೆ ತಕ್ಕ ದೋಣಿಯನ್ನು ಆರಿಸಿಕೊಳ್ಳಿ; ಹಣದ ಅಂಕಿಯನ್ನು ಅದರ ಪಕ್ಕದಲ್ಲಿ ಬರೆಯಿರಿ. ಅಂಕಿ ದೊಡ್ಡದಾದರೆ ಕೋಣೆಯನ್ನು ಸಣ್ಣದು ಮಾಡಿ, ದಿನವನ್ನು ಕಡಿಮೆ ಮಾಡಿ, ಇಲ್ಲವೆ ಒಂದೆರಡು ವರ್ಷ ಕಾಯಿರಿ. ನೂರು ವರ್ಷಕ್ಕೂ ಮೀರಿ ಬದುಕುವ ಆ ಆಮೆಗಳು, ಕಾವಲು ಸರಿಯಾಗಿದ್ದರೆ, ನೀವು ಹೋಗುವ ವೇಳೆಗೆ ಅಲ್ಲಿಯೇ ಇರುತ್ತವೆ.